ಆ್ಯಡ್ ನೋಡಿಕೊಳ್ಳುವ ಸಾಫ್ಟ್‌ವೇರ್ ಕೊಳ್ಳುವ ಮುಂಚೆ: ಹಾಸನ, ಚಿಕ್ಕಮಗಳೂರಿನ ವ್ಯಾಪಾರಿಗಳಿಗೆ ಸಮಗ್ರ ಮಾರ್ಗದರ್ಶಿ

ಮೂಡಿಗೆರೆ ಕಡೆಯ ಹೋಮ್‌ಸ್ಟೇ ಇರಲಿ, ಹಾಸನದ ಬಿ.ಎಂ. ರಸ್ತೆಯ ಒಡವೆ ಅಂಗಡಿ ಇರಲಿ, ಈಗ ಗೂಗಲ್ಲಿಗೋ ಇನ್‌ಸ್ಟಾಗ್ರಾಮಿಗೋ ತಿಂಗಳಿಗಿಷ್ಟು ಅಂತ ಆ್ಯಡ್ ದುಡ್ಡು ಹೋಗುತ್ತಲೇ ಇರುತ್ತದೆ. ಸ್ವಲ್ಪ ದಿನ ಹೀಗೆ ಖರ್ಚು ಮಾಡಿದ ಮೇಲೆ ಒಂದು ಫೋನ್ ಬರುತ್ತದೆ. "ಸರ್, ನಮ್ಮ ಸಾಫ್ಟ್‌ವೇರ್ ತಗೊಳ್ಳಿ. ಎಲ್ಲಾ ಆ್ಯಡ್ ಒಂದೇ ಕಡೆ ಸಿಗುತ್ತೆ, ಮಿಕ್ಕಿದ್ದು ಎಐ ನೋಡಿಕೊಳ್ಳುತ್ತೆ." ಡೆಮೊ ಚೆನ್ನಾಗಿಯೇ ಇರುತ್ತದೆ. ಗ್ರಾಫ್ ಎಲ್ಲ ಮೇಲಕ್ಕೇ ಹೋಗುತ್ತಿರುತ್ತದೆ.

ಆ ಗ್ರಾಫ್ ನೋಡಿ ತೀರ್ಮಾನ ಮಾಡಬೇಡಿ. ನೋಡಬೇಕಾದ್ದು ಬೇರೆ. ಸಾಫ್ಟ್‌ವೇರ್ ತೋರಿಸುವ ಲೆಕ್ಕ ನಿಮ್ಮ ಗಲ್ಲಾದ ಲೆಕ್ಕಕ್ಕೆ ತಾಳೆ ಆಗುತ್ತದಾ? ಆಗದಿದ್ದರೆ ಅದರಲ್ಲಿ ಎಷ್ಟು ಸೌಲಭ್ಯ ಇದ್ದರೂ ಬೇಡ. ಈ ಇಡೀ ಬರಹ ಆ ತಾಳೆ ನೋಡುವುದು ಹೇಗೆ ಅನ್ನೋದರ ಬಗ್ಗೆಯೇ.

ಹೆಜ್ಜೆ 1: ಮೊದಲು ನಿಮ್ಮ ಪುಸ್ತಕ ಸರಿಯಾಗಲಿ

ತಾಳೆ ನೋಡಬೇಕು ಅಂದರೆ ನಿಮ್ಮ ಕಡೆಯೂ ಒಂದು ಲೆಕ್ಕ ಇರಬೇಕು, ಅಲ್ವಾ? ನಮ್ಮ ಕಡೆ ಜಾಸ್ತಿ ಬುಕಿಂಗ್ ಆಗುವುದು ಫೋನಿನಲ್ಲಿ, ವಾಟ್ಸಾಪ್‌ನಲ್ಲಿ. ವೆಬ್‌ಸೈಟಿನಲ್ಲಿ ದುಡ್ಡು ಕಟ್ಟಿ ಬರುವವರು ಕಡಿಮೆ. ಹಾಗಾಗಿ ಯಾವ ಆ್ಯಡ್ ನೋಡಿ ಯಾರು ಬಂದರು ಅನ್ನೋದು ಕಂಪ್ಯೂಟರಿಗೆ ತಾನಾಗಿ ಗೊತ್ತಾಗುವುದಿಲ್ಲ.

ಒಂದು ನೋಟ್‌ಬುಕ್ ಸಾಕು. ಆರು ಕಾಲಂ ಹಾಕಿ: ತಾರೀಕು, ಫೋನಾ ವಾಟ್ಸಾಪಾ, ಯಾವ ಊರಿನವರು, ನಮ್ಮ ಬಗ್ಗೆ ಎಲ್ಲಿಂದ ಗೊತ್ತಾಯ್ತು, ಬುಕ್ ಆಯ್ತಾ, ಎಷ್ಟು ಬಿಲ್. ಫೋನ್ ಎತ್ತುವವರು ಯಾರೇ ಇರಲಿ, "ನಮ್ಮ ಬಗ್ಗೆ ಎಲ್ಲಿ ನೋಡಿದ್ರಿ?" ಅಂತ ಕೇಳಿ ಬರೆಯಲಿ. "ಗೂಗಲ್‌ನಲ್ಲಿ" ಅಂದರೆ ಅಷ್ಟಕ್ಕೇ ಬಿಡಬೇಡಿ. ಮ್ಯಾಪ್‌ನಲ್ಲಿ ಸಿಕ್ಕಿದ್ದು ಬೇರೆ, ಆ್ಯಡ್ ಒತ್ತಿ ಬಂದದ್ದು ಬೇರೆ. ಗಿರಾಕಿಗೆ ಆ ವ್ಯತ್ಯಾಸ ಗೊತ್ತಿರುವುದಿಲ್ಲ. ವೆಬ್‌ಸೈಟ್ ನೋಡಿ ಫೋನ್ ಮಾಡಿದರಾ, ಮ್ಯಾಪ್ ನೋಡಿ ಮಾಡಿದರಾ ಅಂತ ಇನ್ನೊಂದು ಪ್ರಶ್ನೆ ಕೇಳಿದರೆ ಸುಮಾರಾಗಿ ಗೊತ್ತಾಗುತ್ತದೆ.

ಒಂದು ತಿಂಗಳು ಹೀಗೆ ಬರೆಯಿರಿ. ಅಲ್ಲಿಯವರೆಗೆ ಯಾವ ಸಾಫ್ಟ್‌ವೇರ್ ಡೆಮೊಗೂ ಕೂರಬೇಡಿ ಅನ್ನೋದು ನನ್ನ ಸಲಹೆ.

ಹೆಜ್ಜೆ 2: ನಿಜಕ್ಕೂ ಬೇಕಾ?

ಗೂಗಲ್ ಆ್ಯಡ್ಸ್, ಮೆಟಾ (ಫೇಸ್‌ಬುಕ್, ಇನ್‌ಸ್ಟಾಗ್ರಾಮಿನ ಕಂಪನಿ) ಆ್ಯಡ್ಸ್ ಮ್ಯಾನೇಜರ್ ಎರಡೂ ಪುಕ್ಕಟೆ. ಅಲ್ಲಿ ಕೊಡುವ ದುಡ್ಡು ಜಾಹೀರಾತಿಗೆ ಮಾತ್ರ. ನೂರಾರು ಕೀವರ್ಡ್ (ಜನ ಹುಡುಕುವ ಪದ) ಒಟ್ಟಿಗೆ ತಿದ್ದಬೇಕಾದರೆ ಗೂಗಲ್ ಆ್ಯಡ್ಸ್ ಎಡಿಟರ್ ಇದೆ. ಅದನ್ನು ಕಂಪ್ಯೂಟರಿಗೆ ಹಾಕಿಕೊಂಡರೆ ನೆಟ್‌ವರ್ಕ್ ಇಲ್ಲದಾಗಲೂ ಕೆಲಸ ಮಾಡಿಟ್ಟು, ನೆಟ್ ಬಂದಾಗ ಕಳಿಸಬಹುದು. ಕರೆಂಟು, ನೆಟ್ ಎರಡನ್ನೂ ನೆಚ್ಚಿಕೊಳ್ಳಲಾಗದ ಮಲೆನಾಡಿನ ಮೂಲೆಗಳಲ್ಲಿ ಇದು ದೊಡ್ಡ ಉಪಕಾರ. "ಇಷ್ಟು ಖರ್ಚಾದರೆ ನಿಲ್ಲಿಸು" ಅನ್ನುವಂಥ ನಿಯಮಗಳನ್ನು ಗೂಗಲ್, ಮೆಟಾ ಎರಡರಲ್ಲೂ ನಾವೇ ಹಾಕಬಹುದು. ರಿಪೋರ್ಟಿಗೆ ಲುಕರ್ ಸ್ಟುಡಿಯೋ ಇದೆ, ಅದೂ ಪುಕ್ಕಟೆ.

ಒಂದೇ ಹೋಮ್‌ಸ್ಟೇ, ಎರಡು ಮೂರು ಕ್ಯಾಂಪೇನ್, ನೋಡಿಕೊಳ್ಳುವವರು ಒಬ್ಬರೇ ಅಂದರೆ ಇಷ್ಟು ಧಾರಾಳ ಸಾಕು. ದುಡ್ಡು ಕೊಟ್ಟು ಸಾಫ್ಟ್‌ವೇರ್ ತರುವ ಸಂದರ್ಭ ಬೇರೆ. ಗೂಗಲ್, ಮೆಟಾ, ಅಮೆಜಾನ್ ಮೂರರಲ್ಲೂ ಕಾಫಿ ಪುಡಿ ಮಾರುವವರಿಗೆ ಬೇಕಾಗಬಹುದು. ಹಾಸನ, ಅರಸೀಕೆರೆ, ಚನ್ನರಾಯಪಟ್ಟಣದಲ್ಲಿ ಬ್ರಾಂಚ್ ಇಟ್ಟುಕೊಂಡು ಪ್ರತಿ ಬ್ರಾಂಚಿಗೂ ಬೇರೆ ಬಜೆಟ್ ನಡೆಸುವವರಿಗೆ ಬೇಕಾಗಬಹುದು. ಹತ್ತಾರು ಗಿರಾಕಿಗಳ ಅಕೌಂಟ್ ನೋಡುವ ಏಜೆನ್ಸಿಗಂತೂ ಬೇಕೇ ಬೇಕು.

ಮಾರ್ಕೆಟ್ಟಿನಲ್ಲಿ ಸಿಗುವ ಸಾಫ್ಟ್‌ವೇರ್‌ಗಳಲ್ಲೂ ದರ್ಜೆ ಇದೆ. ಸರ್ಚ್ ಆ್ಯಡ್ಸ್ 360, ಮೊದಲು ಕೆನ್ಶೂ ಅಂತಿದ್ದ ಸ್ಕೈ, ಅಡೋಬಿಯ ಆ್ಯಡ್‌ವರ್ಟೈಸಿಂಗ್ ಇವೆಲ್ಲ ದೊಡ್ಡ ದೊಡ್ಡ ಕಂಪನಿಗಳ ಸಾಮಾನು. ಆಪ್ಟ್‌ಮೈಜರ್, ಮ್ಯಾಡ್ಜಿಕ್ಸ್‌ನಂಥವು ಏಜೆನ್ಸಿಗಳಿಗೆ ಮತ್ತು ಮಧ್ಯಮ ವ್ಯಾಪಾರಗಳಿಗೆ. ಆಪ್ಟ್‌ಮೈಜರ್ ಗೂಗಲ್ ಸರ್ಚ್ ಕಡೆ ಗಟ್ಟಿ, ಮ್ಯಾಡ್ಜಿಕ್ಸ್ ಮೆಟಾ ಕಡೆ. ನಿಮ್ಮ ದುಡ್ಡು ಎಲ್ಲಿ ಜಾಸ್ತಿ ಹೋಗುತ್ತದೋ ಆ ಕಡೆ ಗಟ್ಟಿಯಿರುವುದನ್ನು ಮಾತ್ರ ನೋಡಿ.

ಹೆಜ್ಜೆ 3: ಫೇಲ್ ಮಾಡುವ ನಾಲ್ಕು ಪ್ರಶ್ನೆ

ಅಂಕ ಕೊಟ್ಟು ಹೋಲಿಸುವುದು ಆಮೇಲೆ. ಈ ನಾಲ್ಕರಲ್ಲಿ ಒಂದಕ್ಕೆ ತಪ್ಪು ಉತ್ತರ ಬಂದರೂ ಅಲ್ಲಿಗೇ ಮುಗಿಯಿತು ಅಂದುಕೊಳ್ಳಿ.

ಮೊದಲನೆಯದು, ಅಕೌಂಟ್ ಯಾರ ಹೆಸರಿನಲ್ಲಿ ಇರುತ್ತದೆ? ನಿಮ್ಮ ಇಮೇಲ್‌ನಲ್ಲಿ, ನಿಮ್ಮ ಅಡ್ಮಿನ್ ಹಕ್ಕಿನಲ್ಲೇ ಇರಬೇಕು. ಗೂಗಲ್ ಆ್ಯಡ್ಸ್ ಅಕೌಂಟಿಗೆ ಹತ್ತು ಅಂಕಿಯ ನಂಬರ್ ಇರುತ್ತದೆ. ಆ ನಂಬರ್ ಕೊಟ್ಟರೆ ಹೊರಗಿನವರು ತಮ್ಮ ಮ್ಯಾನೇಜರ್ ಅಕೌಂಟಿನಿಂದ ವಿನಂತಿ ಕಳಿಸುತ್ತಾರೆ, ನೀವು ಒಪ್ಪಿಗೆ ಒತ್ತುತ್ತೀರಿ. ಪಾಸ್‌ವರ್ಡ್ ಕೊಡುವ ಪ್ರಶ್ನೆಯೇ ಬರುವುದಿಲ್ಲ. ಮೆಟಾದಲ್ಲೂ ಪಾರ್ಟ್‌ನರ್ ಅಂತ ಸೇರಿಸುವ ದಾರಿ ಇದೆ. "ನಾವೇ ಅಕೌಂಟ್ ಮಾಡಿಕೊಡ್ತೀವಿ, ನಿಮಗೆ ತಲೆನೋವು ಬೇಡ" ಅಂದರೆ ಬೇಡ ಅನ್ನಿ. ನನಗೆ ಗೊತ್ತಿರುವ ಒಬ್ಬ ಕಾಫಿ ಪುಡಿ ವ್ಯಾಪಾರಿಗೆ ಒಂದು ಏಜೆನ್ಸಿ ಹೀಗೇ ತನ್ನ ಹೆಸರಿನಲ್ಲಿ ಅಕೌಂಟ್ ಮಾಡಿಕೊಟ್ಟಿತ್ತು. ಸಂಬಂಧ ಮುರಿದ ದಿನ ಅಕೌಂಟೂ ಹೋಯಿತು, ಯಾವ ಕೀವರ್ಡಿಗೆ ಯಾರು ಕೊಂಡರು ಅನ್ನುವ ವರ್ಷಗಳ ಲೆಕ್ಕವೂ ಹೋಯಿತು. ಆ ಮನುಷ್ಯ ಮೊದಲಿನಿಂದ ಶುರು ಮಾಡಬೇಕಾಯಿತು. ಮೆಟಾ ಪಿಕ್ಸೆಲ್ (ನಿಮ್ಮ ವೆಬ್‌ಸೈಟಿಗೆ ಬಂದವರು ಏನು ಮಾಡಿದರು ಅಂತ ಮೆಟಾಗೆ ತಿಳಿಸುವ ಚಿಕ್ಕ ಕೋಡ್) ಕೂಡ ನಿಮ್ಮ ಹೆಸರಿನಲ್ಲೇ ಇರಲಿ.

ಎರಡನೆಯದು, ಸಾಫ್ಟ್‌ವೇರ್ ತಾನೇ ಮಾಡಿದ ಬದಲಾವಣೆಗಳ ಪಟ್ಟಿ ಸಿಗುತ್ತದಾ? ಗೂಗಲ್ ಆ್ಯಡ್ಸ್‌ನಲ್ಲಿ ಎರಡು ವರ್ಷದವರೆಗಿನ ಬದಲಾವಣೆಗಳ ಚರಿತ್ರೆ ಇರುತ್ತದೆ. ಸಾಫ್ಟ್‌ವೇರ್ ಕೂಡ ಏನು ಬದಲಾಯಿಸಿತು, ಯಾವಾಗ, ಯಾಕೆ ಅಂತ ತೋರಿಸಬೇಕು.

ಮೂರನೆಯದು, ಬಿಟ್ಟು ಹೋಗುವಾಗ ಏನೇನು ಸಿಗುತ್ತದೆ? ರಿಪೋರ್ಟ್‌ಗಳು ಎಕ್ಸೆಲ್ ಫೈಲಿನಲ್ಲಿ ಹೊರಗೆ ಬರಬೇಕು.

ನಾಲ್ಕನೆಯದು ನಮ್ಮ ಕಡೆಗೇ ಸೇರಿದ್ದು. ಮಳೆಗಾಲದಲ್ಲಿ ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಗುಡ್ಡ ಕುಸಿದು ರಸ್ತೆ ಬಂದ್ ಆಗುವುದು ನಮಗೆ ಹೊಸದಲ್ಲ. ಸಕಲೇಶಪುರದ ರೆಸಾರ್ಟಿಗೆ ಮಂಗಳೂರಿನಿಂದ ಯಾರೂ ಬರಲಾಗದ ದಿನ ಮಂಗಳೂರಿನ ಆ್ಯಡ್ ಓಡುತ್ತಿದ್ದರೆ ದುಡ್ಡು ಸುಮ್ನೆ ನೀರಿಗೆ ಹೋದಂತೆ. ಫೋನಿನಿಂದ, ಟೂಜಿಗೆ ಇಳಿದ ನೆಟ್‌ವರ್ಕಿನಲ್ಲಿ, ಒಂದು ಊರಿನ ಆ್ಯಡ್ ಮಾತ್ರ ಎಲ್ಲ ಕಡೆ ನಿಲ್ಲಿಸಲು ಆಗುತ್ತದಾ? ಡೆಮೊ ಕೊಡುವವರ ಲ್ಯಾಪ್‌ಟಾಪ್‌ನಲ್ಲಿ ಬೇಡ, ನಿಮ್ಮ ಫೋನಿನಲ್ಲಿ, ನಿಮ್ಮ ತೋಟದಲ್ಲಿ ನಿಂತು ಮಾಡಿ ನೋಡಿ.

ಹೆಜ್ಜೆ 4: ತಾಳೆ ಪರೀಕ್ಷೆ

ಇದೇ ಮುಖ್ಯ. ನಿಧಾನವಾಗಿ ಓದಿ.

ಉದಾಹರಣೆಗೆ ಅಂತ ಇಟ್ಟುಕೊಳ್ಳಿ: ನಿಮ್ಮ ಪುಸ್ತಕದಲ್ಲಿ ಈ ತಿಂಗಳು 12 ಬುಕಿಂಗ್ ಇದೆ. ಗೂಗಲ್ ಆ್ಯಡ್ಸ್ ತೆಗೆದರೆ 9 ಬುಕಿಂಗ್ ನನ್ನಿಂದ ಅನ್ನುತ್ತದೆ. ಮೆಟಾ ತೆಗೆದರೆ 8 ನನ್ನಿಂದ ಅನ್ನುತ್ತದೆ. ಕೂಡಿದರೆ 17. ಐದು ಬುಕಿಂಗ್ ಎಲ್ಲಿಂದ ಬಂತು?

ಯಾರೂ ಸುಳ್ಳು ಹೇಳುತ್ತಿಲ್ಲ. ಬೆಂಗಳೂರಿನ ಒಂದು ಸಂಸಾರ ಸೋಮವಾರ ಇನ್‌ಸ್ಟಾಗ್ರಾಮಿನಲ್ಲಿ ನಿಮ್ಮ ಆ್ಯಡ್ ಒತ್ತಿತು, ಬುಕ್ ಮಾಡಲಿಲ್ಲ. ಗುರುವಾರ ಗೂಗಲ್ಲಿನಲ್ಲಿ ನಿಮ್ಮ ಹೆಸರು ಹುಡುಕಿ ಅಲ್ಲಿನ ಆ್ಯಡ್ ಒತ್ತಿ ಬುಕ್ ಮಾಡಿತು. ಬುಕಿಂಗ್ ಒಂದೇ. ಆದರೆ ಮೆಟಾ ತನ್ನ ಮಾಮೂಲಿ ಸೆಟ್ಟಿಂಗ್‌ನಲ್ಲಿ ಆ್ಯಡ್ ಒತ್ತಿದ 7 ದಿನದೊಳಗಿನ ಬುಕಿಂಗ್ ತನ್ನದು ಅನ್ನುತ್ತದೆ. ಸುಮ್ಮನೆ ಆ್ಯಡ್ ನೋಡಿದವರು 1 ದಿನದೊಳಗೆ ಬುಕ್ ಮಾಡಿದರೂ ತನ್ನದೇ ಅನ್ನುತ್ತದೆ. ಗೂಗಲ್ ಮಾಮೂಲಿಯಾಗಿ 30 ದಿನ ಹಿಂದಕ್ಕೆ ನೋಡುತ್ತದೆ. ಇಬ್ಬರ ಲೆಕ್ಕವೂ ಅವರವರ ಮಟ್ಟಿಗೆ ಸರಿ. ಕೂಡಿದಾಗ ತಪ್ಪಾಗುತ್ತದೆ.

"ಎಲ್ಲಾ ಒಂದೇ ಕಡೆ" ಅಂತ ಹೇಳುವ ಸಾಫ್ಟ್‌ವೇರ್‌ನ ನಿಜವಾದ ಪರೀಕ್ಷೆ ಇಲ್ಲೇ ಇರುವುದು. ಎರಡೂ ಸಂಖ್ಯೆ ತಂದು ಸುಮ್ನೆ ಕೂಡಿ 17 ಅಂತ ತೋರಿಸಿದರೆ ಅದು ಮಾಡಿದ ಉಪಕಾರ ಏನೂ ಇಲ್ಲ. ಬದಲಿಗೆ ಮೋಸ ಹೋಗುವುದು ಸುಲಭವಾಯಿತು. ಡೆಮೊದಲ್ಲಿ ನೇರ ಕೇಳಿ: "ಒಬ್ಬರೇ ಎರಡೂ ಕಡೆ ಕ್ಲಿಕ್ ಮಾಡಿ ಒಂದು ಬುಕಿಂಗ್ ಮಾಡಿದರೆ ನಿಮ್ಮಲ್ಲಿ ಎಷ್ಟು ಅಂತ ಬರುತ್ತೆ?" ಉತ್ತರ ಬಾಯಲ್ಲಿ ಬೇಡ. ಅವರ ಮುಂದೆಯೇ ನಿಮ್ಮ ಫೋನಿನಿಂದ ಹಾಗೆ ಮಾಡಿ, ಮಾರನೇ ದಿನ ಡ್ಯಾಶ್‌ಬೋರ್ಡ್ ತೋರಿಸಿ ಅನ್ನಿ.

ಮುಂದಿನದು ಫೋನ್ ಕರೆ. ವೆಬ್‌ಸೈಟಿನಲ್ಲಿ ನಂಬರ್ ಒತ್ತಿದ್ದನ್ನು ಎಣಿಸುವುದೂ ನಿಜವಾಗಿ ಮಾತಾಡಿದ್ದನ್ನು ಎಣಿಸುವುದೂ ಒಂದೇ ಅಲ್ಲ. ಬಟನ್ ಒತ್ತಿ, ರಿಂಗ್ ಆಗುವ ಮುಂಚೆ ಕಟ್ ಮಾಡುವವರು ಬೇಕಾದಷ್ಟು. ವಾಟ್ಸಾಪ್ ಆ್ಯಡ್‌ನಲ್ಲೂ ಇದೇ ಕಥೆ: "ಹಾಯ್, ಪ್ರೈಸ್?" ಅಂತ ಕೇಳಿ ಮಾಯವಾದವರೂ ಒಂದು ಫಲಿತಾಂಶವೇ. ಸಾಫ್ಟ್‌ವೇರ್ ಇದನ್ನೆಲ್ಲ "ಲೀಡ್" (ಗಿರಾಕಿ ಆಗಬಹುದಾದವರು) ಅಂತ ಒಂದೇ ಗಂಟು ಕಟ್ಟುತ್ತದಾ, ಬಿಡಿಸಿ ತೋರಿಸುತ್ತದಾ ನೋಡಿ.

ಇದಕ್ಕೆ ಒಂದು ಒಳ್ಳೆಯ ದಾರಿ ಇದೆ. ಗೂಗಲ್ ಪ್ರತಿ ಕ್ಲಿಕ್ಕಿಗೂ ಒಂದು ಗುರುತು ಅಂಟಿಸುತ್ತದೆ. ಎನ್‌ಕ್ವೈರಿ ಫಾರ್ಮ್ ಜೊತೆ ಆ ಗುರುತನ್ನು ಉಳಿಸಿಟ್ಟುಕೊಂಡರೆ, ಆಮೇಲೆ ಫೋನಿನಲ್ಲಿ ಬುಕಿಂಗ್ ಆದಾಗ "ಈ ಕ್ಲಿಕ್ ಬುಕಿಂಗ್ ಆಯಿತು, ಇಷ್ಟು ಬಿಲ್" ಅಂತ ವಾಪಸ್ ತಿಳಿಸಬಹುದು. ಕ್ಲಿಕ್ ಆಗಿ 90 ದಿನದೊಳಗೆ ತಿಳಿಸಬೇಕು. ಇಷ್ಟು ಮಾಡಿದರೆ ಗೂಗಲ್ ಬರೀ ಫೋನ್ ಮಾಡುವವರನ್ನು ಬಿಟ್ಟು ಬುಕ್ ಮಾಡುವಂಥವರನ್ನು ಹುಡುಕಲು ಕಲಿಯುತ್ತದೆ. ಈ ಕೆಲಸವನ್ನು ಸಲೀಸು ಮಾಡಿಕೊಡುವ ಸಾಫ್ಟ್‌ವೇರ್ ಸಿಕ್ಕಿದರೆ ನಾನು ಅದಕ್ಕೆ ಉಳಿದೆಲ್ಲಕ್ಕಿಂತ ಜಾಸ್ತಿ ಅಂಕ ಕೊಡುತ್ತೇನೆ. ಡ್ಯಾಶ್‌ಬೋರ್ಡ್ ಎಷ್ಟು ಸಪ್ಪೆಯಾಗಿದ್ದರೂ ಪರವಾಗಿಲ್ಲ.

ತಿಂಗಳ ಕೊನೆಗೆ ನೋಟ್‌ಬುಕ್ ಒಂದು ಕೈಯಲ್ಲಿ, ರಿಪೋರ್ಟ್ ಇನ್ನೊಂದು ಕೈಯಲ್ಲಿ ಹಿಡಿದು ಕೂರಿ. ಪೂರ್ತಿ ಒಂದೇ ಬರಬೇಕು ಅಂತೇನಿಲ್ಲ, ಬರುವುದೂ ಇಲ್ಲ. 2021ರಲ್ಲಿ ಆ್ಯಪಲ್ ಐಫೋನಿನಲ್ಲಿ ಅನುಮತಿ ಕೇಳದೆ ಹಿಂಬಾಲಿಸಬಾರದು ಅಂತ ಮಾಡಿದ ಮೇಲೆ ಮೆಟಾಗೆ ಕಾಣದೆ ಹೋಗುವ ಬುಕಿಂಗ್‌ಗಳಿವೆ. ಆದರೆ ವ್ಯತ್ಯಾಸ ಯಾಕೆ ಬಂತು ಅಂತ ಸಾಫ್ಟ್‌ವೇರ್‌ನವರು ನಿಮಗೆ ಅರ್ಥವಾಗುವ ಹಾಗೆ ಹೇಳಬೇಕು. "ಅದು ಟೆಕ್ನಿಕಲ್ ಸರ್" ಅಂದರೆ ಅವರಿಗೂ ಗೊತ್ತಿಲ್ಲ ಅಂತ ಅರ್ಥ.

ಹೆಜ್ಜೆ 5: ನಮ್ಮೂರಿನ ಪರೀಕ್ಷೆಗಳು

ಊರಿನ ಸೆಟ್ಟಿಂಗ್ ಮೊದಲು ನೋಡಿ. ಗೂಗಲ್ ಆ್ಯಡ್ಸ್‌ನಲ್ಲಿ ಒಂದು ಊರು ಆರಿಸಿದರೆ, ಆ ಊರಿನಲ್ಲಿ ಇರುವವರ ಜೊತೆಗೆ ಆ ಊರಿನ ಬಗ್ಗೆ ಆಸಕ್ತಿ ಇರುವವರಿಗೂ ಆ್ಯಡ್ ಹೋಗುವುದೇ ಮಾಮೂಲಿ. ಹಾಸನದ ಹಲ್ಲಿನ ಡಾಕ್ಟರಿಗೆ ಇದು ನಷ್ಟ. ದೆಹಲಿಯಲ್ಲಿ ಕೂತು ಹಾಸನದ ಬಗ್ಗೆ ಓದುವವರು ಹಲ್ಲು ಕೀಳಿಸಲು ಬರುವುದಿಲ್ಲ. "ಇಲ್ಲಿ ಇರುವವರಿಗೆ ಮಾತ್ರ" ಅಂತ ಬದಲಾಯಿಸಬೇಕು. ಹೋಮ್‌ಸ್ಟೇಯವರದ್ದು ತದ್ವಿರುದ್ಧ. ಅವರ ಗಿರಾಕಿ ಇರುವುದು ಬೆಂಗಳೂರು, ಮೈಸೂರು, ಮಂಗಳೂರಿನಲ್ಲಿ. ಚಿಕ್ಕಮಗಳೂರಿನಲ್ಲಿ ಇರುವವರಿಗೆ ಮಾತ್ರ ಆ್ಯಡ್ ತೋರಿಸಿ ಏನು ಪ್ರಯೋಜನ? ನೀವು ನೋಡುತ್ತಿರುವ ಸಾಫ್ಟ್‌ವೇರ್ ಈ ಸೆಟ್ಟಿಂಗನ್ನು ಎದುರಿಗೇ ಇಡುತ್ತದಾ, ಎಲ್ಲೋ ಮೂರು ಮೆನು ಒಳಗೆ ಬಚ್ಚಿಡುತ್ತದಾ ನೋಡಿ.

ಆಮೇಲೆ ಕಾಗುಣಿತ. 2014ರ ನವೆಂಬರ್‌ನಲ್ಲಿ ನಮ್ಮ ಚಿಕ್ಕಮಗಳೂರಿನ ಹೆಸರಿನ ಇಂಗ್ಲಿಷ್ ಕಾಗುಣಿತ ಅಧಿಕೃತವಾಗಿ ಬದಲಾಯಿತು. ಜನ ಈಗಲೂ ಹಳೆಯ "ಚಿಕ್‌ಮಗಳೂರ್" ಅಂತಲೇ ಟೈಪ್ ಮಾಡುತ್ತಾರೆ. ಮೊದಲ ಭಾಗಕ್ಕೆ ಸಿ, ಕೆ ಎರಡೂ ಹಾಕಿ ಇಂಗ್ಲಿಷಿನ ಕೋಳಿಮರಿ ಥರ ಬರೆಯುವವರೂ ಇದ್ದಾರೆ. ಮೂರೂ ಕಾಗುಣಿತದ ಹುಡುಕಾಟಗಳನ್ನು ಸಾಫ್ಟ್‌ವೇರ್ ಒಂದೇ ಗುಂಪಿನಲ್ಲಿ ತೋರಿಸಬೇಕು. ಹಾಸನದವರ ಸಮಸ್ಯೆ ಬೇರೆ: ಇಂಗ್ಲಿಷಿನಲ್ಲಿ ಬರೆದಾಗ ಊರಿನ ಹೆಸರೂ ಹಸನ್ ಅನ್ನುವ ವ್ಯಕ್ತಿಯ ಹೆಸರೂ ಒಂದೇ. ಜನ ಏನು ಟೈಪ್ ಮಾಡಿದಾಗ ನಿಮ್ಮ ಆ್ಯಡ್ ಬಂತು ಅನ್ನುವ ಪಟ್ಟಿ ತೆಗೆದು ಓದಿ. ನಿಮಗೆ ಸಂಬಂಧವೇ ಇಲ್ಲದ ವ್ಯಕ್ತಿಗಳ ಹೆಸರು ಅಲ್ಲಿದ್ದರೆ ಅವನ್ನು ಬೇಡದ ಪದಗಳ ಪಟ್ಟಿಗೆ ಸೇರಿಸಿ. "ಹೋಮ್‌ಸ್ಟೇ ಲೈಸೆನ್ಸ್", "ಹೋಮ್‌ಸ್ಟೇ ಕೆಲಸ" ಅಂತ ಹುಡುಕುವವರೂ ಗಿರಾಕಿಗಳಲ್ಲ. ಒಳ್ಳೆಯ ಸಾಫ್ಟ್‌ವೇರ್ ಇಂಥವನ್ನು ತಾನೇ ಹೆಕ್ಕಿ ನಿಮ್ಮ ಮುಂದಿಡುತ್ತದೆ. ತೆಗೆಯುವ ತೀರ್ಮಾನ ಮಾತ್ರ ನಿಮಗೇ ಬಿಡುತ್ತದೆ.

ಕನ್ನಡದ ಆ್ಯಡ್ ಹಾಕುವವರು ಇನ್ನೊಂದು ನೋಡಲೇಬೇಕು. ಗೂಗಲ್ ಸರ್ಚ್ ಆ್ಯಡ್‌ನ ಒಂದು ಹೆಡ್‌ಲೈನಿಗೆ 30 ಅಕ್ಷರದ ಮಿತಿ, ವಿವರಣೆಗೆ 90. "ಚಿಕ್ಕಮಗಳೂರು" ನಮ್ಮ ಕಣ್ಣಿಗೆ ಆರು ಅಕ್ಷರ. ಕಂಪ್ಯೂಟರಿಗೆ ಹನ್ನೊಂದು, ಯಾಕೆಂದರೆ ಗುಣಿತ, ಒತ್ತು ಎಲ್ಲ ಬೇರೆ ಬೇರೆ ಎಣಿಕೆ. ಊರಿನ ಹೆಸರಿಗೇ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಜಾಗ ಹೋಯಿತು. ಸಾಫ್ಟ್‌ವೇರ್‌ನ ಎಣಿಕೆ ಗೂಗಲ್ ಎಣಿಕೆಗೆ ಸರಿಹೋಗುತ್ತದಾ ನೋಡಿ. ಎಐ ಬರೆದುಕೊಡುವ ಕನ್ನಡ ಹೆಡ್‌ಲೈನನ್ನು ಜೋರಾಗಿ ಓದಿ. ನಮ್ಮೂರಿನವರು ಹಾಗೆ ಮಾತಾಡುತ್ತಾರಾ? ಪಿಡಿಎಫ್ ರಿಪೋರ್ಟ್ ಇಳಿಸಿ, ಒತ್ತಕ್ಷರ ಒಡೆದು ಚೌಕಗಳಾಗಿ ಬರುತ್ತವಾ ಅಂತಲೂ ನೋಡಿ.

ಹೆಜ್ಜೆ 6: ಬೆಲೆ

ಬೆಲೆಯಲ್ಲಿ ಮುಖ್ಯವಾಗಿ ಎರಡು ಥರ. ತಿಂಗಳಿಗೆ ಇಷ್ಟು ಅಂತ ನಿಗದಿ, ಇಲ್ಲವೇ ಆ್ಯಡ್ ಖರ್ಚಿನಲ್ಲಿ ಶೇಕಡಾ ಇಷ್ಟು. ಶೇಕಡಾ ಲೆಕ್ಕ ನನಗೆ ಇಷ್ಟವಿಲ್ಲ. ನೀವು ಜಾಸ್ತಿ ಖರ್ಚು ಮಾಡಿದಷ್ಟೂ ಅವರಿಗೆ ಲಾಭ. ಖರ್ಚು ಕಡಿಮೆ ಮಾಡಿ ಅಂತ ಅವರು ಯಾಕೆ ಹೇಳುತ್ತಾರೆ?

ತಿಂಗಳಿಗೆ 30,000 ಆ್ಯಡ್ ಖರ್ಚು, ಸಾಫ್ಟ್‌ವೇರಿಗೆ 4,000, ಒಂದು ಬುಕಿಂಗಿನಲ್ಲಿ ಎಲ್ಲ ಕಳೆದು ಕೈಯಲ್ಲಿ ಉಳಿಯುವುದು 3,000 ಅಂತ ಇಟ್ಟುಕೊಳ್ಳಿ. ಸಾಫ್ಟ್‌ವೇರ್ ತಿಂಗಳಿಗೆ ಎರಡು ಬುಕಿಂಗ್ ಹೆಚ್ಚಿಗೆ ತಂದರೆ ತನ್ನ ಬೆಲೆ ಹುಟ್ಟಿಸಿತು. ಒಂದೇ ತಂದರೆ ನಷ್ಟ. ನಿಮ್ಮ ಸಂಖ್ಯೆ ಹಾಕಿ ಈ ಲೆಕ್ಕ ಮಾಡಿ, ಆಮೇಲೆ ಚೌಕಾಸಿಗೆ ಕೂರಿ.

ಜಿಎಸ್‌ಟಿ ಮರೆಯಬೇಡಿ. ಆ್ಯಡ್ ಮೇಲೆ ಶೇ. 18. ನೋಂದಣಿ ಇದ್ದು ಜಿಎಸ್‌ಟಿ ನಂಬರ್ ಹಾಕಿದ್ದರೆ ಸಾಮಾನ್ಯವಾಗಿ ಕ್ರೆಡಿಟ್ ಸಿಗುತ್ತದೆ, ಆದರೆ ಎಲ್ಲ ವ್ಯಾಪಾರಕ್ಕೂ ಅಲ್ಲ. ಕಾಂಪೊಸಿಷನ್‌ನಲ್ಲಿ (ಸಣ್ಣ ವ್ಯಾಪಾರಿಗಳ ಸರಳ ಜಿಎಸ್‌ಟಿ ಯೋಜನೆ) ಇದ್ದರೆ, ಅಥವಾ ನೋಂದಣಿಯೇ ಇಲ್ಲದಿದ್ದರೆ 30,000ದ ಆ್ಯಡ್ ನಿಮಗೆ 35,400 ಬೀಳುತ್ತದೆ. ಸಾಫ್ಟ್‌ವೇರ್ ಕಂಪನಿ ವಿದೇಶದ್ದಾಗಿ ಡಾಲರಿನಲ್ಲಿ ಬಿಲ್ ಬಂದರೆ, ನೋಂದಣಿ ಇರುವವರು ರಿವರ್ಸ್ ಚಾರ್ಜ್‌ನಲ್ಲಿ ತಾವೇ ತೆರಿಗೆ ಕಟ್ಟಬೇಕಾಗುತ್ತದೆ. ಸಹಿ ಹಾಕುವ ಮುಂಚೆ ನಿಮ್ಮ ಆಡಿಟರ್‌ಗೆ ಆ ಬಿಲ್ಲಿನ ಮಾದರಿ ತೋರಿಸಿ.

ಕಾರ್ಡಿನಿಂದ ತಾನೇ ದುಡ್ಡು ಕಡಿತ ಆಗುವ ಏರ್ಪಾಡು ಇದ್ದರೂ ಎಚ್ಚರ. 15,000 ರೂಪಾಯಿ ದಾಟಿದ ಪ್ರತಿ ಕಡಿತಕ್ಕೂ ಒಟಿಪಿ ಬೇಕು ಅಂತ 2022ರ ಜೂನ್‌ನಲ್ಲಿ ಆರ್‌ಬಿಐ ಮಿತಿ ಹಾಕಿದೆ. ಒಟಿಪಿ ಬರುವ ಸಿಮ್ ತೋಟದ ಮನೆಯಲ್ಲಿ ನೆಟ್‌ವರ್ಕ್ ಇಲ್ಲದೆ ಕೂತಿದ್ದರೆ ಶುಕ್ರವಾರ ರಾತ್ರಿ ಎಲ್ಲ ನಿಂತುಹೋಗುತ್ತದೆ.

ಹೆಜ್ಜೆ 7: ಟ್ರಯಲ್

ಟ್ರಯಲ್ ಶುರುವಿನಲ್ಲಿ ಓದುವ ಹಕ್ಕು ಮಾತ್ರ ಕೊಡಿ. ಮೊದಲ ವಾರ ಅದು ಏನು ಸಲಹೆ ಕೊಡುತ್ತದೆ ನೋಡಿ. ಸಲಹೆಗಳೆಲ್ಲ "ಬಜೆಟ್ ಹೆಚ್ಚಿಸಿ" ಅಂತಲೇ ಇದ್ದರೆ ಮುಂದೆ ಹೋಗುವುದೇ ಬೇಡ.

ಎರಡನೇ ವಾರ ಒಂದು ಕ್ಯಾಂಪೇನ್ ಮಾತ್ರ ಕೈಗೆ ಕೊಡಿ. ಗೂಗಲ್ ಆ್ಯಡ್ಸ್‌ನಲ್ಲಿ ಎಕ್ಸ್‌ಪೆರಿಮೆಂಟ್ ಅಂತ ಇದೆ. ಅರ್ಧ ಹಳೆಯ ರೀತಿ, ಅರ್ಧ ಹೊಸ ರೀತಿ ಒಟ್ಟಿಗೇ ಓಡಿಸಬಹುದು. ಹೋದ ತಿಂಗಳಿಗೆ ಈ ತಿಂಗಳನ್ನು ಹೋಲಿಸಬೇಡಿ. ನಮ್ಮಲ್ಲಿ ಒಂದು ಲಾಂಗ್ ವೀಕೆಂಡ್ ಬಂದರೆ ಮುಳ್ಳಯ್ಯನಗಿರಿ ರಸ್ತೆಯಲ್ಲಿ ಗಾಡಿ ಅಲುಗಾಡುವುದಿಲ್ಲ, ರೂಮು ತಾನಾಗಿ ತುಂಬುತ್ತದೆ. ಆ ಕೀರ್ತಿಯನ್ನು ಸಾಫ್ಟ್‌ವೇರ್ ತನ್ನ ತಲೆಗೆ ಕಟ್ಟಿಕೊಳ್ಳುತ್ತದೆ. ದೀಪಾವಳಿ ಆಸುಪಾಸಿನಲ್ಲಿ ಹಾಸನಾಂಬೆ ಬಾಗಿಲು ತೆಗೆದಾಗ ಹಾಸನದ ಲಾಡ್ಜ್‌ಗಳದ್ದೂ ಇದೇ ಪರಿಸ್ಥಿತಿ. ಆ ದಿನಗಳಲ್ಲಿ ಟ್ರಯಲ್ ಬೇಡ.

ಎಐ ದಿನಕ್ಕೆ ಹತ್ತು ಸಲ ಬಜೆಟ್ ಬದಲಾಯಿಸುತ್ತದೆ ಅಂತ ಹೆಮ್ಮೆಯಿಂದ ಹೇಳುತ್ತಾರೆ. ಮೆಟಾದಲ್ಲಿ ಒಂದು ಆ್ಯಡ್ ಸೆಟ್ (ಒಟ್ಟಿಗೆ ಓಡುವ ಆ್ಯಡ್‌ಗಳ ಗುಂಪು) ಯಾರಿಗೆ ತೋರಿಸಬೇಕು ಅಂತ ಕಲಿತು ಸ್ಥಿರವಾಗಲು ವಾರಕ್ಕೆ ಸುಮಾರು 50 ಫಲಿತಾಂಶ ಬೇಕು. ದೊಡ್ಡ ಬದಲಾವಣೆ ಮಾಡಿದಾಗಲೆಲ್ಲ ಆ ಕಲಿಕೆ ಮತ್ತೆ ಮೊದಲಿನಿಂದ. ಹಾಗಾಗಿ ಮಿತಿ ಹಾಕಲು ಆಗುತ್ತದಾ ಕೇಳಿ. ಗೂಗಲ್‌ನಲ್ಲಿ ದಿನಕ್ಕೆ 1,000 ಅಂತ ಇಟ್ಟರೂ ಒಂದು ದಿನ 2,000ದವರೆಗೆ ಹೋಗಬಹುದು, ತಿಂಗಳಿಗೆ ಮಾತ್ರ 30,400 ದಾಟುವುದಿಲ್ಲ. ಇದು ಗೊತ್ತಿಲ್ಲದೆ ಸಾಫ್ಟ್‌ವೇರನ್ನು ಬೈಯಬೇಡಿ.

ಇನ್ನೊಂದು ಮಾತು. ತಿಂಗಳಿಗೆ ಹತ್ತು ಹನ್ನೆರಡು ಬುಕಿಂಗ್ ಇರುವ ವ್ಯಾಪಾರದಲ್ಲಿ ಎರಡು ವಾರದ ಟ್ರಯಲ್‌ನಿಂದ "ಫಲಿತಾಂಶ ಹೆಚ್ಚಾಯ್ತು" ಅಂತ ಹೇಳಲು ಆಗುವುದಿಲ್ಲ. ಆರು ಬುಕಿಂಗ್ ಎಂಟಾದರೆ ಅದು ಕಾಕತಾಳೀಯವೂ ಇರಬಹುದು. ಅಂಥವರು ಬೇರೆ ಎರಡು ವಿಷಯ ನೋಡಿ: ವಾರಕ್ಕೆ ನಿಮ್ಮ ಎಷ್ಟು ಗಂಟೆ ಉಳಿಯಿತು, ಮತ್ತು ನಾಲ್ಕನೇ ಹೆಜ್ಜೆಯ ತಾಳೆ ಬಂತಾ.

ಟ್ರಯಲ್ ಮುಗಿಯುವ ಮುಂಚೆ ಒಂದು ಶನಿವಾರ ಬೆಳಗ್ಗೆ ಸಪೋರ್ಟಿಗೆ ಪ್ರಶ್ನೆ ಕಳಿಸಿ. ನಿಮಗೆ ತೊಂದರೆ ಆಗುವುದು ವೀಕೆಂಡಿನಲ್ಲೇ. ಸೋಮವಾರ ಉತ್ತರ ಬಂದರೆ ಅದು ನಿಮಗೆ ಸಪೋರ್ಟ್ ಅಲ್ಲ.

ಗಿರಾಕಿಗಳ ಫೋನ್ ನಂಬರ್ ಪಟ್ಟಿ ಅಪ್‌ಲೋಡ್ ಮಾಡಲು ಕೇಳಿದರೆ ತಡೆಯಿರಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಒಪ್ಪಿಗೆಗೆ ತುಂಬಾ ಮಹತ್ವ ಕೊಡುತ್ತದೆ. ನಮ್ಮನ್ನು ನಂಬಿ ನಂಬರ್ ಕೊಟ್ಟವರ ಒಪ್ಪಿಗೆ ಇಲ್ಲದೆ ಅದು ಬೇರೆ ಕಂಪನಿಗೆ ಹೋಗಬಾರದು. ಚೆಕ್‌ಇನ್ ಸಮಯದಲ್ಲಿ ತಗೊಂಡ ಆಧಾರ್ ಕಾಪಿಯಂತೂ ಈ ಸಾಫ್ಟ್‌ವೇರ್ ಹತ್ತಿರಕ್ಕೂ ಹೋಗಬಾರದು.

ಹೆಜ್ಜೆ 8: ಕೊಂಡ ಮೇಲೆ

ಮೊದಲ ಸಲ ತಿಂಗಳ ಲೆಕ್ಕದಲ್ಲೇ ಕೊಳ್ಳಿ. ವರ್ಷದ್ದಕ್ಕೆ ರಿಯಾಯಿತಿ ಕೊಡುತ್ತಾರೆ, ನಿಜ. ಆದರೆ ಮಳೆಗಾಲದ ನಾಲ್ಕು ತಿಂಗಳು ನೀವು ಆ್ಯಡ್ ನಿಲ್ಲಿಸುವವರಾದರೆ ಆ ರಿಯಾಯಿತಿ ಅಲ್ಲೇ ಕರಗುತ್ತದೆ.

ಪ್ರತಿ ತಿಂಗಳು 1ನೇ ತಾರೀಕು ರಿಪೋರ್ಟ್ ಎಕ್ಸೆಲ್‌ನಲ್ಲಿ ಇಳಿಸಿ ನಿಮ್ಮ ಕಂಪ್ಯೂಟರಿನಲ್ಲಿ ಇಡಿ. ಪುಸ್ತಕದ ಜೊತೆ ತಾಳೆ ನೋಡಿ, ವ್ಯತ್ಯಾಸವನ್ನು ಅಲ್ಲೇ ಬರೆದಿಡಿ. ಮೂರು ತಿಂಗಳು ಸತತವಾಗಿ ವ್ಯತ್ಯಾಸಕ್ಕೆ ಕಾರಣ ಸಿಗದಿದ್ದರೆ ಮುಂದಿನ ಕಂತು ಕಟ್ಟಬೇಡಿ. ಚಂದಾ ರದ್ದು ಮಾಡಿದ ದಿನವೇ ಗೂಗಲ್ ಆ್ಯಡ್ಸ್‌ನಿಂದ ಅವರ ಮ್ಯಾನೇಜರ್ ಅಕೌಂಟ್ ತೆಗೆಯಿರಿ, ಮೆಟಾದಿಂದ ಪಾರ್ಟ್‌ನರ್ ತೆಗೆಯಿರಿ, ನಿಮ್ಮ ಗೂಗಲ್ ಖಾತೆಯ ಸೆಕ್ಯೂರಿಟಿ ಪುಟದಲ್ಲಿ ಹೊರಗಿನ ಆ್ಯಪ್‌ಗಳಿಗೆ ಕೊಟ್ಟ ಅನುಮತಿಯನ್ನೂ ತೆಗೆಯಿರಿ. ಚಂದಾ ರದ್ದಾದರೂ ಈ ಮೂರು ಅನುಮತಿ ತಾನಾಗಿ ಹೋಗುವುದಿಲ್ಲ.